ಅಪಘಾತದ ವರದಿ ಮತ್ತು ಕಾರ್ಮಿಕನ ಹಕ್ಕು

ಕಾವಸಜಿ ದಾವರರು 1854ರಲ್ಲಿ ಮುಂಬಯಿಯಲ್ಲಿ ಹತ್ತಿಗಿರಣಿಯನ್ನು ಸ್ಥಾಪಿಸಿದಾಗ ಭಾರತದಲ್ಲಿ ಕಾರಖಾನೆ ಕಾಯಿದೆಯೇ ಇರಲಿಲ್ಲ. 1881ರ ಕಾಯಿದೆಯು ನೂರು ಅಥವಾ ಹೆಚ್ಚು ಜನ ದುಡಿಯುವ ಯಂತ್ರಚಾಲಿತ ಕಾರಖಾನೆಗಳಲ್ಲಿ ಅಪಾಯಕರ ಯಂತ್ರಗಳಿಗೆ ಬೇಲಿಯನ್ನೂ ಅಪಘಾತಗಳ ವರದಿಯನ್ನೂ ವಿಧಿಸಿತು. ಆದರೆ ವರದಿಯೊಂದರಿಂದಲೇ ಗಾಯಾಳುವಿನ ಮನೆಗೆ ಅನ್ನ ಬರುವಂತಿರಲಿಲ್ಲ. 1855ರ ಮಾರಣಾಂತಿಕ ಅಪಘಾತಗಳ ಕಾಯಿದೆಯಂತೆ ಪರಿಹಾರ ಬೇಡುವ ಮೃತನ ಕುಟುಂಬವು ಎದುರಾಳಿಯ ತಪ್ಪನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕಾಗಿತ್ತು. ನಿರಕ್ಷರಿ ವಿಧವೆಗೆ ಇದೆಷ್ಟು ಸಾಧ್ಯ? 1923ರ ಪರಿಹಾರ ಕಾಯಿದೆಯು ಈ ಹೊರೆಯನ್ನು ಇಳಿಸಿತು: ಕೆಲಸದ ನಿಮಿತ್ತ ಗಾಯವಾಯಿತೆಂದು ತೋರಿಸಿದರೆ ಸಾಮಾನ್ಯವಾಗಿ ಸಾಕಾಯಿತು. 1948ರ ಕಾರಖಾನೆ ಕಾಯಿದೆಯು ಮರಣವನ್ನಲ್ಲದೆ, 48 ಗಂಟೆ ಕೆಲಸ ತಪ್ಪಿಸುವ ಗಾಯವನ್ನೂ ವರದಿಗೆ ಒಳಪಡಿಸಿತು. ಲೆಕ್ಕಕ್ಕೆ ಬಾರದ ಗಾಯಕ್ಕೆ ಪರಿಹಾರವೂ ಇಲ್ಲ, ನಿವಾರಣೆಯೂ ಇಲ್ಲವೆಂಬುದೇ ಈ ಇತಿಹಾಸದ ಸಾರ.