ಅಡಿಕೆಯ ನಾಡಿನಲ್ಲಿ ಶಾಲಾ ಆರೋಗ್ಯ ಶಿಕ್ಷಣ

ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ರಾಮಕುಂಜದ ಸುತ್ತಲಿನದು ಅಡಿಕೆ ತೋಟಗಳ ಸೀಮೆ. ಇಲ್ಲಿ ಎಷ್ಟೋ ವಿದ್ಯಾರ್ಥಿಗಳ ಶುಲ್ಕ ಪುಸ್ತಕಗಳ ವೆಚ್ಚವು ಅಂಗಳದಲ್ಲಿ ಒಣಗುವ ಚಾಲಿಯಿಂದಲೇ ಹೊರಡಬೇಕು. ಇಂಥ ಊರಿನಲ್ಲಿ ಹದಿಹರೆಯದವರಿಗೆ ಆರೋಗ್ಯವನ್ನು ಬೋಧಿಸಹೊರಟವರ ತೊಡಕನ್ನು ಇಲ್ಲಿ ಪರಿಶೀಲಿಸಲಾಗಿದೆ.

ನಮ್ಮ ದೇಶದಲ್ಲಿ ಶಾಲಾ ಆರೋಗ್ಯದ ಚಿಂತನೆಗೆ ಸ್ಪಷ್ಟ ರೂಪ ಬಂದುದು ಭೋರ್ ಸಮಿತಿಯ 1946ರ ವರದಿಯಿಂದ. 1961ರಲ್ಲಿ ರೇಣುಕಾ ರೇ ಸಮಿತಿಯು ಅದನ್ನು ಮುಂದುವರಿಸಿತು. ಅಂದಿನ ಮುಖ್ಯ ಚಿಂತೆ ಅಪೌಷ್ಟಿಕತೆ ಮತ್ತು ಸಾಂಕ್ರಾಮಿಕ ರೋಗಗಳು. ಅದು ಸಹಜವೇ. ಆದರೆ ಹದಿಹರೆಯದ ಅಪಾಯವು ಬಹುಮಟ್ಟಿಗೆ ಅಭ್ಯಾಸದ ಅಪಾಯ. ವರ್ಷಕ್ಕೊಮ್ಮೆ ನಡೆಯುವ ತಪಾಸಣೆಗೆ ಅದು ಸಿಕ್ಕದು.

ಅದೇ ಕಾಲದಲ್ಲಿ ವೈದ್ಯಶಾಸ್ತ್ರವು ಬೇರೊಂದು ದಾರಿಯಲ್ಲಿ ಅಡಿಕೆಯತ್ತ ಸಾಗುತ್ತಿತ್ತು. ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರ ಬಾಯಿಯ ಒಳಪೊರೆ ಬಿಗಿದು ಬಾಯಿ ತೆರೆಯಲಾಗದಂತಾದುದನ್ನು ಶ್ವಾರ್ಟ್ಜ್ 1952ರಲ್ಲಿ ವರ್ಣಿಸಿದನು. ಮರುವರ್ಷ ಮುಂಬಯಿಯಲ್ಲಿ ಜೋಶಿಯವರು ಇಂಥವೇ ಪ್ರಕರಣಗಳನ್ನು ದಾಖಲಿಸಿದರು. ಇದಕ್ಕೆ ಅಡಿಕೆಯೇ ಪ್ರಧಾನ ಕಾರಣವೆಂಬುದು ಖಚಿತವಾಗಲು ದಶಕಗಳು ಹಿಡಿದವು. ಈ ನಡುವೆ 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರವೂ 1973ರಲ್ಲಿ ಬೆಳೆಗಾರರ ಹಿತಕ್ಕಾಗಿ ಕ್ಯಾಂಪ್ಕೋ ಸಂಸ್ಥೆಯೂ ಸ್ಥಾಪಿತವಾದುವು. ಒಂದೇ ಫಲವನ್ನು ಒಂದು ಶಾಸ್ತ್ರವು ಬೆಳೆಯೆಂದೂ ಇನ್ನೊಂದು ವ್ಯಾಧಿಮೂಲವೆಂದೂ ಅಭ್ಯಸಿಸುತ್ತಿದ್ದುವು. ಪರಸ್ಪರ ಮಾತುಕತೆ ಕಡಮೆ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆಯದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಬೆಳೆಗಾರರು ಅದನ್ನು ಒಪ್ಪಲಿಲ್ಲ. ಅವರ ಆತಂಕವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಶಾಸನವು ಹಿಡಿದುದು ತಂಬಾಕನ್ನು. 2003ರ ಕಾಯಿದೆಯು ವಿದ್ಯಾಸಂಸ್ಥೆಗಳ 100 ಗಜದೊಳಗೆ ಅದರ ಮಾರಾಟವನ್ನು ನಿಷೇಧಿಸಿತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷಿದ್ಧವಾಯಿತು. ಆಮೇಲೆ ಪಾನ್ ಮಸಾಲೆಯೂ ತಂಬಾಕೂ ಬೇರೆಬೇರೆ ಪೊಟ್ಟಣಗಳಲ್ಲಿ ಬಂದುವೆಂಬುದು ಎಲ್ಲರೂ ಬಲ್ಲ ಸಂಗತಿ. ಅಂಗಡಿಯನ್ನು ಗಜಗಳಲ್ಲಿ ಅಳೆಯಬಹುದು. ಅತಿಥಿಯ ಮುಂದಿಡುವ ಎಲೆಯಡಿಕೆಯ ತಟ್ಟೆಯನ್ನು ಅಳೆಯುವುದು ಹೇಗೆ? ತಂಬಾಕಿನ ವಿರುದ್ಧ ಮಾತನಾಡುವುದು ಉಪಾಧ್ಯಾಯರಿಗೆ ಸುಲಭ. ಅಡಿಕೆಯ ವಿಷಯ ಬಂದಾಗ ಎದುರಿಗಿರುವುದು ಮಗುವಿನ ಮನೆಯ ಅನ್ನ. ಆದರೂ ಇಲ್ಲಿ ಮೌನವಹಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬೆಳೆಯುವುದು ಬೇರೆ, ಎಳೆಯ ಬಾಯಿಯಲ್ಲಿ ದಿನವಿಡೀ ಜಗಿಯುವುದು ಬೇರೆ.

ಈ ಭೇದವನ್ನು ಹೊರಗಿನ ಉಪನ್ಯಾಸಕನಿಗಿಂತ ಬೆಳೆಗಾರನ ಮಗನೋ ಮಗಳೋ ಹೇಳಿದರೆ ನಿಲ್ಲುತ್ತದೆ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಅಂಥವರಿಗೆ ವರ್ಷಕ್ಕೆ 120 ಗಂಟೆಗಳ ಸೇವೆಯನ್ನೂ ಏಳು ದಿನಗಳ ಗ್ರಾಮವಾಸವನ್ನೂ ಒದಗಿಸುತ್ತದೆ. ಶಿಬಿರದಲ್ಲಿ ರಸ್ತೆ ದುರಸ್ತಿಯ ಜೊತೆಗೆ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಬಹುದು. ಉಪಕರಣವೇನೂ ಬೇಡ. ಆರೋಗ್ಯವಂತನ ಬಾಯಿಯಲ್ಲಿ ಅವನದೇ ಮೂರು ಬೆರಳುಗಳು ನೆಟ್ಟಗೆ ಹಿಡಿಸುತ್ತವೆ. ಹಿಡಿಸದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಅಜ್ಜನಿಂದ ಮೊಮ್ಮಗನವರೆಗೆ ಯಾರೂ ತಮ್ಮ ಬೆರಳಿನಿಂದಲೇ ಇದನ್ನು ನೋಡಿಕೊಳ್ಳಬಹುದು.