ಹಂದಿಯ ಕೆಮ್ಮು ಕಲಿಸಿದ ಪಾಠ



ಹಿತ್ತಿಲಲ್ಲಿ ನಾಲ್ಕಾರು ಹಂದಿ ಸಾಕಿಕೊಂಡಿದ್ದೀರಿ. ನಿನ್ನೆ ಚೆನ್ನಾಗಿ ತಿಂದ ಹಂದಿಗಳು ಮುಂಜಾನೆ ನೋಡಿದರೆ ಎಲ್ಲವೂ ಒಟ್ಟಿಗೇ ಮುದುಡಿ ಮಲಗಿ ಕೆಮ್ಮುತ್ತಿವೆ. ಎದೆ ಧಸಕ್ಕೆನ್ನುತ್ತದೆ, ಅಲ್ಲವೇ? ಇಂಥ ಮುಂಜಾನೆ ಕಂಡ ದೂರದ ರೈತರ ಸಂಗತಿಯೊಂದನ್ನು ಕೇಳಿ.

ಅಮೆರಿಕದಲ್ಲಿ ಅಯೋವಾ ಅಂತ ಒಂದು ರಾಜ್ಯ. ಮೆಕ್ಕೆಜೋಳ ಬೆಳೆದು, ಅದನ್ನೇ ಹಾಕಿ ಹಂದಿ ಕೊಬ್ಬಿಸುವುದು ಅಲ್ಲಿಯ ರೈತರ ಕಸುಬು. 1918ನೆಯ ಇಸವಿ, ಲೋಕಕ್ಕೆಲ್ಲ ಇನ್‌ಫ್ಲುಯೆಂಜಾ ಜ್ವರ ಹಬ್ಬಿದ ವರ್ಷ. ನಮ್ಮ ಮೈಸೂರು ಸೀಮೆಯನ್ನೂ ಅದು ಬಿಡಲಿಲ್ಲ. ಆಗಲೇ ಅಯೋವಾದ ಸೀಡರ್ ರ‍್ಯಾಪಿಡ್ಸ್ ಊರಿನಲ್ಲಿ ಹಂದಿಗಳ ಪ್ರದರ್ಶನ ನಡೆಯಿತು. ಅಲ್ಲಿ ಅನೇಕ ಹಂದಿಗಳು ಕಾಯಿಲೆ ಬಿದ್ದವು. ಮನೆಗೆ ಮರಳಿದ ಹಂದಿಗಳ ಜೊತೆಗೇ ರೋಗವೂ ಊರೂರಿಗೆ ಹೋಯಿತು. ಜ್ವರ, ಕೆಮ್ಮು, ಏದುಸಿರು, ಮೂಗಿನಲ್ಲಿ ಸಿಂಬಳ. ಸತ್ತವು ಕಡಿಮೆ; ಆದರೆ ಮೈ ಇಳಿದುಹೋಯಿತು.

ಜೆ. ಎಸ್. ಕೋಯೆನ್ ಎಂಬ ಸರಕಾರಿ ಪಶುವೈದ್ಯರು ಆ ಸೀಮೆಯಲ್ಲಿ ಓಡಾಡುತ್ತಿದ್ದರು. ಅವರು ಕಂಡದ್ದೇನು? ಮನೆಮಂದಿಗೆ ಜ್ವರ ಬಂದ ಬೆನ್ನಿಗೇ ಹಂದಿಗಳಿಗೂ ಬರುತ್ತಿತ್ತು. ಕೆಲವೆಡೆ ಹಂದಿಗೆ ಮೊದಲು, ಮನೆಯವರಿಗೆ ಆಮೇಲೆ. ಎರಡೂ ಒಂದೇ ಅಂತ ಅವರು ಹೇಳಿಬಿಟ್ಟರು, ‘ಫ್ಲೂ’ ಎಂದೇ ಕರೆದರು. ಹಂದಿ ಸಾಕುವವರಿಗೆ ಈ ಮಾತು ಹಿಡಿಸಲಿಲ್ಲ. ಜನ ಹೆದರಿ ಮಾಂಸ ಕೊಳ್ಳುವುದನ್ನೇ ಬಿಟ್ಟರೆ ಗತಿ ಏನು? ಆ ಭಯವೂ ಸುಳ್ಳಲ್ಲ. ಆದರೂ ಕೋಯೆನ್ ಕಣ್ಣಾರೆ ಕಂಡದ್ದನ್ನು ಬಿಟ್ಟುಕೊಡಲಿಲ್ಲ. 1919ರಲ್ಲಿ ಪಶುವೈದ್ಯರ ಪತ್ರಿಕೆಯಲ್ಲಿ ಬರೆದೇಬಿಟ್ಟರು.

ಆ ಮಾತನ್ನು ಒರೆಗೆ ಹಚ್ಚಿದವರು ಅಯೋವಾದಲ್ಲೇ ಹುಟ್ಟಿದ ಡಾಕ್ಟರ್ ರಿಚರ್ಡ್ ಶೋಪ್. ರೋಗದ ಹಂದಿಯ ಉಸಿರುನಾಳದ ಲೋಳೆಯನ್ನು ಬ್ಯಾಕ್ಟೀರಿಯಾ ಕೂಡ ದಾಟದ ಹಾಗೆ ಸೋಸಿ, ಆ ತಿಳಿಯನ್ನು ಆರೋಗ್ಯದ ಹಂದಿಯ ಮೂಗಿಗೆ ಬಿಟ್ಟರು. ಸಣ್ಣಗೆ ಕಾಯಿಲೆ ಬಂತು. ಬ್ಯಾಕ್ಟೀರಿಯಾವನ್ನೂ ಕೂಡಿಸಿ ಕೊಟ್ಟಾಗ ರೋಗ ಜೋರಾಯಿತು. ಅಂದರೆ ವೈರಸ್ ಬಾಗಿಲು ತೆರೆಯುತ್ತದೆ, ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಇದು ಪ್ರಕಟವಾದದ್ದು 1931ರಲ್ಲಿ. ಮನುಷ್ಯರ ಫ್ಲೂ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು ಹಿಡಿದದ್ದು ಅದಾದ ಮೇಲೆ, 1933ರಲ್ಲಿ. ಎರಡೂ ಹತ್ತಿರದ ನೆಂಟರು. 1918ರಲ್ಲಿ ರೋಗ ಮನುಷ್ಯರಿಂದಲೇ ಹಂದಿಗೆ ಹೋಗಿರಬೇಕೆಂದು ಇಂದಿನ ಅನೇಕ ವಿಜ್ಞಾನಿಗಳ ಅಭಿಪ್ರಾಯ.

2009ರಲ್ಲಿ ಹಂದಿಯ ವೈರಸ್ಸಿನಿಂದ ಹುಟ್ಟಿದ ಫ್ಲೂ ನಮ್ಮ ದೇಶಕ್ಕೂ ಬಂತು. ಹಂದಿ ಕಂಡರೇ ಜನ ಬೆಚ್ಚಿದರು. ಆದರೆ ಅದು ಹರಡಿದ್ದು ಮನುಷ್ಯರಿಂದ ಮನುಷ್ಯರಿಗೆ, ಚೆನ್ನಾಗಿ ಬೇಯಿಸಿದ ಮಾಂಸದಿಂದಲ್ಲ.

ಇದರಿಂದ ನಮಗೇನು ಪಾಠ? ನಿಮಗೆ ನೆಗಡಿ, ಜ್ವರ ಇದ್ದರೆ ಹಂದಿಗಳ ಹತ್ತಿರ ಹೋಗಬೇಡಿ. ಮೇವು ಹಾಕಲು ಮನೆಯಲ್ಲಿ ಗಟ್ಟಿಮುಟ್ಟಾಗಿರುವವರನ್ನು ಕಳಿಸಿ. ಹೊಸದಾಗಿ ತಂದ ಹಂದಿಯನ್ನು, ಸಂತೆಯಿಂದ ಮರಳಿದ್ದನ್ನೂ ಮೂರು ನಾಲ್ಕು ವಾರ ಬೇರೆ ಕಟ್ಟಿ. ಕೆಮ್ಮುವ ಹಂದಿಗೆ ಒಣಹುಲ್ಲಿನ ಹಾಸು, ಚಳಿಗಾಳಿ ತಟ್ಟದ ಜಾಗ, ಕುಡಿಯಲು ಶುದ್ಧ ನೀರು ಇರಲಿ, ಓಡಿಸಬೇಡಿ. ಅದನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಮೈ ಕೆಂಪಾದರೆ, ಒಂದೊಂದಾಗಿ ಸಾಯತೊಡಗಿದರೆ, ಅದು ಬೇರೆ ಘೋರ ರೋಗವಿರಬಹುದು. ಕೂಡಲೇ ಪಶುವೈದ್ಯರಿಗೆ ಹೇಳಿಕಳಿಸಿ.

ಬೆಲೆ ಬಿದ್ದೀತೆಂದು ರೋಗ ಮುಚ್ಚಿಟ್ಟು ಸಂತೆಗೆ ಸಾಗಿಸಬೇಡಿ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ನಿಮ್ಮ ಹಂದಿಗಳೂ ಉಳಿದಾವು, ನೆರೆಯವರವೂ ಉಳಿದಾವು.