ಮೊಳಕೆ ಬ್ರೆಡ್ಡಿನ ಹಿಂದೊಂದು ಲಂಡನ್ ಕಥೆ

ಗೋಧಿಯನ್ನು ನೆನೆಸಿ, ಮೊಳಕೆ ಕಟ್ಟಿ, ಅರೆದು ಮನೆಯಲ್ಲೇ ಬ್ರೆಡ್ ಮಾಡುವ ಅಭ್ಯಾಸ ಈಗ ಗಲ್ಫ್ ಕನ್ನಡಿಗರ ಅಡುಗೆಮನೆಗೂ ಬಂದಿದೆ. "ಇದನ್ನು ತಿಂದರೆ ವಿಟಮಿನ್ ಮಾತ್ರೆ ಬಿಡಬಹುದೇ? ಶುಗರ್ ಮಾತ್ರೆ?" ಎಂದು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಮ್ಮನ್ನು ಕೇಳುವವರಿದ್ದಾರೆ. ಉತ್ತರ ಹುಡುಕಲು ನೂರು ವರ್ಷ ಹಿಂದಿನ ಲಂಡನ್ನಿಗೆ ಹೋಗಬೇಕು. ಆದರೆ ಕಥೆ ಶುರುವಾಗುವುದು ನಮ್ಮ ನೆರೆಯ ಇರಾಕಿನಲ್ಲಿ.

1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ ಟೈಗ್ರಿಸ್ ನದಿ ದಡದ ಕೂತ್ ಪಟ್ಟಣದಲ್ಲಿ ಬ್ರಿಟಿಷ್ ಹಾಗೂ ಭಾರತೀಯ ಸೈನಿಕರು ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದರು. ಬಿಳಿ ಹಿಟ್ಟಿನ ಬ್ರೆಡ್ ತಿಂದ ಬ್ರಿಟಿಷರಿಗೆ ಬೆರಿಬೆರಿ ಬಂತು. ಕಾಲಿನ ಬಲ ಹೋಯಿತು. ಆಟಾ ಮತ್ತು ಬಾರ್ಲಿ ತಿನ್ನುತ್ತಿದ್ದ ಭಾರತೀಯರಿಗೆ ಅದು ಬರಲಿಲ್ಲ. ಆದರೆ ಕುದುರೆ ಮಾಂಸ ಬೇಡವೆಂದ ಅವರಲ್ಲಿ ಅನೇಕರು ಸ್ಕರ್ವಿಗೆ ತುತ್ತಾದರು. ಒಸಡಿನಲ್ಲಿ ರಕ್ತ, ಆರದ ಗಾಯ. ಮಾಂಸ ತಿಂದ ಬ್ರಿಟಿಷರಿಗೆ ಸ್ಕರ್ವಿ ಅಷ್ಟಾಗಿ ತಗಲಲಿಲ್ಲ. ಒಂದೇ ಕೋಟೆಯೊಳಗೆ, ತಟ್ಟೆಗೆ ತಕ್ಕಂತೆ ರೋಗ!

ಈ ಒಗಟನ್ನು ಬಿಡಿಸಲು ಕೂತವರಲ್ಲಿ ಮುಖ್ಯರು ಲಂಡನ್ನಿನ ಚೆಲ್ಸಿಯಲ್ಲಿದ್ದ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್. 1917ರಲ್ಲಿ ಅವರೂ ಮಾರ್ಗರೆಟ್ ಹ್ಯೂಮ್ ಅವರೂ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಬೆರಿಬೆರಿ ತಡೆಯುವ ಸತ್ವ ಗೋಧಿಯ ಅಂಕುರ ಮತ್ತು ತೌಡಿನ ಭಾಗದಲ್ಲಿದೆ. ಬಿಳಿ ಹಿಟ್ಟಿನಲ್ಲಿ ಅದು ಇಲ್ಲವಾಗುತ್ತದೆ. ಒಣ ಕಾಳು ಸ್ಕರ್ವಿಯನ್ನು ತಡೆಯದು. ಅದೇ ಕಾಳನ್ನು ಒಂದು ದಿನ ನೆನೆಸಿ, ಎರಡು ದಿನ ಮೊಳಕೆ ಬರಿಸಿದರೆ ತಡೆಯುತ್ತದೆ. ಆದರೆ ಇಡೀ ಕಾಳೇ ಆಗಬೇಕು. ಒಡೆದ ಬೇಳೆ ಮೊಳೆಯದು. ಸೈನಿಕರ ಪಡಿತರದ ಬೇಳೆಗೂ ಮೊಳಕೆ ಕಾಳಿಗೂ ಇದ್ದ ವ್ಯತ್ಯಾಸ ಇಷ್ಟೇ.

1918ರಲ್ಲಿ ವಿಲ್ಟ್‌ಶೈರ್ ಎಂಬ ವೈದ್ಯರು ಸ್ಕರ್ವಿಯಾದ ಸರ್ಬಿಯಾದ ಸೈನಿಕರಲ್ಲಿ ಕೆಲವರಿಗೆ ನಿಂಬೆರಸ, ಕೆಲವರಿಗೆ ಮೊಳಕೆ ಬೀನ್ಸ್ ಕೊಟ್ಟು ನೋಡಿದರು. ಮೊಳಕೆ ನಿಂಬೆಗೆ ಸೋಲಲಿಲ್ಲ. 1919ರಲ್ಲಿ ಚಿಕ್ ಅವರು ವೆಸ್ಟ್‌ಫೀಲ್ಡ್ ಕಾಲೇಜಿನ ಸಸ್ಯವಿಜ್ಞಾನಿ ಮರಿಯನ್ ಡೆಲ್ಫ್ ಜೊತೆ ಒಣ ಕಾಳು, ಮೊಳಕೆ ಕಾಳುಗಳನ್ನು ಇನ್ನಷ್ಟು ಪರೀಕ್ಷಿಸಿದರು. ಎಲೆಕೋಸಿನ ಮೇಲೆ ಡೆಲ್ಫ್ ಮಾಡಿದ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಸ್ಪಷ್ಟವಾಗಿತ್ತು: ಕಾಯಿಸಿದಷ್ಟೂ ಈ ಸತ್ವ ಕರಗುತ್ತದೆ. 1920ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜ್ಯಾಕ್ ಡ್ರಮಂಡ್ ಅದಕ್ಕೆ ವಿಟಮಿನ್ ಸಿ ಎಂಬ ಹೆಸರು ಸೂಚಿಸಿದರು.

ಮುಂದೆ ಎರಡನೇ ಮಹಾಯುದ್ಧದಲ್ಲಿ ಇದೇ ಡ್ರಮಂಡ್ ಬ್ರಿಟನ್ನಿನ ಆಹಾರ ಸಚಿವಾಲಯದ ವಿಜ್ಞಾನ ಸಲಹೆಗಾರರಾದರು. 1942ರಲ್ಲಿ ಧಾನ್ಯದ ಶೇ. 85 ಭಾಗ ಉಳಿಸಿಕೊಂಡ ಹಿಟ್ಟಿನ 'ನ್ಯಾಷನಲ್ ಲೋಫ್' ಬಂತು. ಬಿಳಿ ಬ್ರೆಡ್ಡಿಗೆ ಒಗ್ಗಿದ್ದ ಲಂಡನ್ನಿಗರು ಗೊಣಗುತ್ತಲೇ ತಿಂದರು. ಆಗ ಇನ್ನೊಂದು ತೊಡಕು ಎದುರಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ 1933ರಲ್ಲಿ ಜೊತೆಯಾಗಿ, ನಂತರ ಕೇಂಬ್ರಿಜ್‌ಗೆ ಹೋದ ಮೆಕಾನ್ಸ್ ಮತ್ತು ಎಲ್ಸಿ ವಿಡೋಸನ್ ಅವರು, ಕಂದು ಬ್ರೆಡ್ಡಿನಲ್ಲಿರುವ ಫೈಟಿಕ್ ಆಮ್ಲ ಕ್ಯಾಲ್ಸಿಯಂ ದೇಹಕ್ಕೆ ಸೇರದಂತೆ ತಡೆಯುತ್ತದೆ ಎಂದು ತೋರಿಸಿದರು. ಅದಕ್ಕೇ ಹಿಟ್ಟಿಗೆ ಸುಣ್ಣದ ಪುಡಿ ಬೆರೆಸಿದರು.

ಮೊಳಕೆ ಬ್ರೆಡ್ಡಿನ ನಿಜವಾದ ಗುಣ ಇರುವುದು ಇಲ್ಲಿ. ಕಾಳು ಮೊಳೆಯುವಾಗ ಅದರೊಳಗಿನ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಕಬ್ಬಿಣ, ಸತು ದೇಹಕ್ಕೆ ಸೇರುವುದು ಸುಲಭವಾಗುತ್ತದೆ. ಹಿಟ್ಟು ನಿಧಾನವಾಗಿ ಹುದುಗಿದರೆ ಇನ್ನೂ ಒಳ್ಳೆಯದು. ನಾರು ಉಳಿಯುತ್ತದೆ, ಪಿಷ್ಟ ಸ್ವಲ್ಪ ಸಕ್ಕರೆಯಾಗಿ ರುಚಿಯೂ ಏರುತ್ತದೆ. ಮೊಳಕೆ ಕಟ್ಟಿದ ರಾಗಿಯಿಂದ ಕೂಸಿಗೆ ಸರಿ ಮಾಡುತ್ತಿದ್ದ ನಮ್ಮ ಅಜ್ಜಿಯರ ಕೈಯಲ್ಲೂ ನಡೆಯುತ್ತಿದ್ದುದು ಇದೇ ಕೆಲಸ.

ಆದರೆ ಕೂತ್‌ನ ಸೈನಿಕರಿಗೆ ಬೇಕಾಗಿದ್ದ ವಿಟಮಿನ್ ಸಿ ಮಾತ್ರ ಒವನ್ನಿನ ಬಿಸಿಗೆ ಬಹುಪಾಲು ಹೋಗಿಬಿಡುತ್ತದೆ. ಗೋಧಿಯ ಗ್ಲುಟೆನ್ ಹೋಗುವುದಿಲ್ಲ. ಸಿಲಿಯಾಕ್ ಕಾಯಿಲೆಯವರಿಗೆ ಮೊಳಕೆ ಗೋಧಿಯೂ ಸಲ್ಲದು. ಶುಗರ್ ಇರುವವರು ಇದನ್ನು ಹಿತಮಿತವಾಗಿ ತಿನ್ನಬಹುದು, ಆದರೆ ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ಗಲ್ಫಿನ ಸೆಕೆಯಲ್ಲಿ ಮೊಳಕೆ ಬೇಗ ಹಳಸುತ್ತದೆ. ದಿನಕ್ಕೆ ಎರಡು ಮೂರು ಬಾರಿ ತೊಳೆಯಿರಿ, ಮೊಳೆತ ಮೇಲೆ ಫ್ರಿಜ್ಜಿನಲ್ಲಿಡಿ, ವಾಸನೆ ಬಂದರೆ ಎಸೆಯಿರಿ.

ಹಾಗಾಗಿ ಕೌಂಟರಿನಲ್ಲಿ ಕೇಳುವವರಿಗೆ ನಾವು ಹೇಳುವುದಿಷ್ಟು: ಬ್ರೆಡ್ ಖಂಡಿತ ಮಾಡಿ, ಆದರೆ ಒಂದು ಹಿಡಿ ಮೊಳಕೆ ಹೆಸರುಕಾಳನ್ನು ಬೇರೆ ತೆಗೆದಿಡಿ. ಅದಕ್ಕೆ ಸೌತೆಕಾಯಿ, ಕಾಯಿತುರಿ ಸೇರಿಸಿ, ನಿಂಬೆ ಹಿಂಡಿ ಕೋಸಂಬರಿ ಮಾಡಿ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ನಿಶ್ಶಕ್ತರು ಇದ್ದರೆ ಹಸಿಯಾಗಿ ಬೇಡ, ಬೇಯಿಸಿಯೇ ಕೊಡಿ. ನಿಂಬೆಯನ್ನು ಆಮೇಲೆ ಹಿಂಡಿದರಾಯಿತು.